ಹೊಸ್ತಿಲು ದಾಟಿದ ಹೆಪ್ಪು

ದಿನವಿಡೀ ಹೆಪ್ಪಿನ ಜೊತೆ ಏಗುವುದೇ ನನ್ನ ಕೆಲಸ. ಆದರೆ ಸಂಜೆ ಮನೆಗೆ ಬರುವಾಗ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಮೊಸರು ತಗೊಂಡೇ ಬರುವವಳು ನಾನು. ಅಂಗಡಿಯವನಿಗೆ ನನ್ನ ಕೆಲಸ ಏನೆಂದು ಗೊತ್ತು. "ಏನ್ ಮೇಡಂ, ಮೊಸರು ಫ್ಯಾಕ್ಟ್ರೀಲಿದ್ಕಂಡು ನಮ್ ಹತ್ರ ಮೊಸರು ತಗೋತೀರಲ್ಲ" ಎಂದು ಆಗಾಗ ರೇಗಿಸುತ್ತಾನೆ. ಮೊದಮೊದಲು ನಗುತ್ತಿದ್ದೆ. ಈಗ ಚಿಲ್ಲರೆ ಎಣಿಸಿಕೊಟ್ಟು ಸುಮ್ಮನೆ ಬರುತ್ತೇನೆ. ಬೆಳಗಿನಿಂದ ನಿಂತೇ ಇರುವ ಕಾಲುಗಳಿಗೆ ತಮಾಷೆ ಅರ್ಥವಾಗುವುದಿಲ್ಲ.

ನಮ್ಮದು ಹಸುವಿನ ಹಾಲಿನ ಮೊಸರಲ್ಲ, ಸೋಯಾ ಹಾಲಿನ ಮೊಸರು. ಊರಾಚೆ ಕೈಗಾರಿಕಾ ಪ್ರದೇಶದ ಕೊನೆಯಲ್ಲಿ, ದೊಡ್ಡ ದೊಡ್ಡ ಗೋಡೌನುಗಳ ನಡುವೆ ಸಿಕ್ಕಿಕೊಂಡಂತಿರುವ ಒಂದು ಸಣ್ಣ ಘಟಕ. ಸೋಯಾ ಕಾಳನ್ನು ನೆನೆಸಿ, ರುಬ್ಬಿ, ಸೋಸಿ, ಕುದಿಸಿ, ಆರಿಸಿ, ಹೆಪ್ಪು ಹಾಕಿ, ಬಾಟಲಿಗೆ ತುಂಬಿ ಬೆಂಗಳೂರಿಗೆ ಕಳಿಸುತ್ತೇವೆ. ಇದರಲ್ಲಿ ಹೆಪ್ಪಿನ ಕೆಲಸ ನನ್ನದು. ಲ್ಯಾಬ್ ಎನ್ನುವ ಒಂದು ಕೋಣೆಯಲ್ಲಿ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾಗಳನ್ನು ಸಾಕುವುದು, ಅವುಗಳಿಗೆ ಹೊತ್ತು ಹೊತ್ತಿಗೆ ಸೋಯಾ ಹಾಲು ಕೊಡುವುದು, ಹುಳಿ ನೋಡುವುದು, ಬೇರೆ ಯಾವ ಕ್ರಿಮಿಯೂ ಸೇರದಂತೆ ಕಾಯುವುದು. ಹಬ್ಬವಿರಲಿ, ಹುಷಾರಿಲ್ಲದಿರಲಿ, ಅವುಗಳ ಊಟ ತಪ್ಪಿಸುವಂತಿಲ್ಲ. ಮನೆಯಲ್ಲಿ ನಮ್ಮ ಯಜಮಾನರು ಇದನ್ನು "ನಿನ್ ಎರಡನೇ ಸಂಸಾರ" ಅನ್ನುತ್ತಾರೆ. ಮೊದಲನೆಯದಕ್ಕೇ ತ್ರಾಣವಿಲ್ಲದಾಗ ಎರಡನೆಯದು ಬೇರೆ.

ಮತ್ತೆ ಆ ವಾಸನೆ. ಹಸಿ ಸೋಯಾ ರುಬ್ಬಿದ ವಾಸನೆ ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ ಎಲ್ಲಕ್ಕೂ ಹತ್ತಿಕೊಳ್ಳುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಅರಳಿಸಿ ಸುತ್ತ ನೋಡುವಾಗ ನಾನು ಕಿಟಕಿಯಾಚೆ ನೋಡುತ್ತೇನೆ.

ಇಷ್ಟೆಲ್ಲ ಯಾತಕ್ಕೆ ಎಂದು ಕೇಳಿದರೆ ಹೇಳುವುದಕ್ಕೆ ಕಾರಣವೇನೋ ಇದೆ. ಸೋಯಾದಲ್ಲಿ ಹೆಂಗಸರ ಮೈಗೆ ಒಳ್ಳೆಯದೆನ್ನುವ ಕೆಲವು ಪದಾರ್ಥಗಳಿವೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈಯೆಲ್ಲ ಉರಿದು ಬೆವರುವುದು, ಮೂಳೆ ಸವೆಯುವುದು, ಇವಕ್ಕೆಲ್ಲ ಅದರಿಂದ ಸ್ವಲ್ಪ ಅನುಕೂಲವಾಗಬಹುದು ಎನ್ನುತ್ತಾರೆ. ಆದರೆ ಕಾಳಿನಲ್ಲಿ ಅವು ಸಕ್ಕರೆಯ ಜೊತೆ ಗಂಟು ಹಾಕಿಕೊಂಡು ಕೂತಿರುತ್ತವೆ, ಹಾಗೇ ತಿಂದರೆ ಮೈಗೆ ಹತ್ತುವುದು ಕಡಿಮೆ. ಕೆಲವು ಬಗೆಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ ಆ ಗಂಟು ಬಿಚ್ಚುವುದು ಗೊತ್ತು. ಹುಳಿ ಬರಿಸುತ್ತಾ ಬರಿಸುತ್ತಾ ಸಕ್ಕರೆಯನ್ನು ಕತ್ತರಿಸಿ ಹಾಕುತ್ತವೆ, ಉಳಿದದ್ದು ಮೈಗೆ ಸುಲಭವಾಗಿ ಸೇರುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳೂ ಇದನ್ನು ಮಾಡುವುದಿಲ್ಲ. ಮಾಡುವಂಥದ್ದನ್ನು ಹುಡುಕಬೇಕು.

ಆ ಹುಡುಕಾಟಕ್ಕೆ ಹೊರಟವಳು ನಾನೇ. ಘಟಕ ಶುರುವಾದ ಹೊಸದರಲ್ಲಿ, ಆಗಿನ್ನೂ ಒಂದು ಬಾಡಿಗೆ ಶೆಡ್ಡಿನಲ್ಲಿದ್ದೆವು, ಇದನ್ನು ನಡೆಸುವ ಸರ್ ಒಂದು ದಿನ ಕರೆದು, ಸುತ್ತಲಿನ ಹಳ್ಳಿಗಳ ಮನೆ ಮೊಸರುಗಳನ್ನು ಸ್ವಲ್ಪ ಸ್ವಲ್ಪ ತಂದು ಪರೀಕ್ಷೆ ಮಾಡೋಣ ಎಂದರು. ಸರ್ ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ಕೆಟ್ಟವರಲ್ಲ. ಏನು ಹೇಳಿದರೂ ಅದು ಆಗಲೇ ಆಗಿಹೋದಂತೆ ಹೇಳುತ್ತಾರೆ. "ಹೋಗಿ ಒಂದೊಂದ್ ಸ್ಪೂನ್ ಇಸ್ಕೊಂಡ್ ಬನ್ನಿ ಮೇಡಂ, ಮೊಸರು ತಾನೇ?" ಎಂದರು.

ಮೊಸರು ತಾನೇ! ಅವರು ಯಾರ ಮನೆಯಲ್ಲೂ ಹೆಪ್ಪು ಕೇಳಿದವರಲ್ಲ ಎಂದು ಆ ಮಾತಿನಲ್ಲೇ ಗೊತ್ತಾಗುತ್ತಿತ್ತು. ನಮ್ಮ ಕಡೆ ಒಂದು ಚೊಂಬು ಮಜ್ಜಿಗೆ ಕೇಳಿದರೆ ಕೂರಿಸಿ ಕೊಡುತ್ತಾರೆ. ಹೆಪ್ಪು ಎಂದರೆ ಮಾತ್ರ ಯೋಚಿಸುತ್ತಾರೆ. ಮಂಗಳವಾರ ಕೊಡುವುದಿಲ್ಲ, ಶುಕ್ರವಾರ ಕೊಡುವುದಿಲ್ಲ. ದೀಪ ಹಚ್ಚಿದ ಮೇಲಂತೂ ಕೇಳಲೇಬಾರದು. ಹೆಪ್ಪಿನ ಜೊತೆ ಮನೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎನ್ನುವ ಭಯ. ವಾರ, ಹೊತ್ತು ನೋಡಿಕೊಂಡು ಹೋದರೆ ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಹಾಗೇ ನೋಡಿಕೊಂಡು ತಿರುಗಿದೆ. ದೊಡ್ಡಬೆಳವಂಗಲದ ಕಡೆ ಒಂದಷ್ಟು, ತೂಬಗೆರೆ ಕಡೆ ಒಂದಷ್ಟು ಮನೆಗಳು. ಬಿಸಿಲಲ್ಲಿ, ಐಸ್ ತುಂಬಿದ ಡಬ್ಬಿ ಹೆಗಲಿಗೆ ಹಾಕಿಕೊಂಡು, ಪೋಲಿಯೋ ಹನಿ ಹಾಕುವವಳೆಂದು ಹೆದರಿ ಓಡುವ ಮಕ್ಕಳನ್ನು ನೋಡಿಕೊಂಡು.

ತೂಬಗೆರೆ ದಾಟಿ ಒಂದು ಸಣ್ಣ ಹಳ್ಳಿ. ಅಲ್ಲಿ ಹಸು ಕಟ್ಟಿಕೊಂಡಿದ್ದ ಒಬ್ಬ ಅಜ್ಜಿಯ ಮನೆ. ಗಂಡ, ಮಗ, ಸೊಸೆ ಎಲ್ಲರೂ ಜೊತೆಯಲ್ಲೇ ಇದ್ದ ಮನೆ. ಆ ಅಜ್ಜಿಯ ಮಜ್ಜಿಗೆಯನ್ನು ನಾನು ಮರೆಯುವುದಿಲ್ಲ. ಜಗುಲಿಯ ಮೇಲೆ ಸುಸ್ತಾಗಿ ಕೂತವಳಿಗೆ ಕೇಳದೆಯೇ ತಂದುಕೊಟ್ಟರು. ದಪ್ಪವೂ ಅಲ್ಲ, ನೀರೂ ಅಲ್ಲ, ಹುಳಿಯ ಹಿಂದೆಯೇ ಒಂದು ಸಣ್ಣ ಸಿಹಿ, ಬೆಣ್ಣೆಯ ಘಮ. ಎರಡನೆಯ ಲೋಟ ನಾನೇ ಕೇಳಿ ಕುಡಿದೆ. ಆಮೇಲೆ ಹೆಪ್ಪಿನ ವಿಷಯ ತೆಗೆದೆ.

"ಅದೊಂದ್ ಕೇಳ್ಬ್ಯಾಡ ಕಣವ್ವ" ಎಂದರು ಅಜ್ಜಿ. "ಮಜ್ಗೆ ಎಷ್ಟ್ ಬೇಕಾದ್ರೂ ಕುಡಿ. ನಮ್ಮನೆ ಹೆಪ್ಪು ಹೊಸ್ಲು ದಾಟಂಗಿಲ್ಲ."

"ಇವತ್ತು ಬುಧವಾರ ಅಲ್ವಾ ಅಜ್ಜಿ?"

"ಯಾವ್ ವಾರ್ವೂ ಇಲ್ಲ. ನಮ್ಮತ್ತೆ ನಂಗೆ ಕೊಡುವಾಗ್ಲೇ ಹೇಳ್ಬಿಟ್ಟಿದ್ರು, ಯಾರ್ ಕೇಳುದ್ರೂ ಕೊಡ್ಬ್ಯಾಡ ಅಂತ. ಪಕ್ಕದ್ಮನೆಯೋರ್ಗೇ ಕೊಟ್ಟಿಲ್ಲ ಇವತ್ಗೂ."

ನಗು ಬಂತು. ಲೋಟದ ತಳದಲ್ಲಿ ಉಳಿದಿದ್ದ ಮಜ್ಜಿಗೆಯೇ ನನಗೆ ಸಾಕಿತ್ತು, ಅದರಲ್ಲೂ ಅದೇ ಹೆಪ್ಪು ಇರುತ್ತದೆ. ಡಬ್ಬಿಗೆ ಬಗ್ಗಿಸಿಕೊಂಡು ಬಂದಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಬಿಸಿಲಲ್ಲಿ ಬಂದವಳೆಂದು ಕೂರಿಸಿ ಕೊಟ್ಟ ಲೋಟದಿಂದ ಕದಿಯುವ ಮನಸ್ಸಾಗಲಿಲ್ಲ. ಲೋಟ ತೊಳೆದಿಟ್ಟು ಬಂದೆ.

ಮತ್ತೆ ಆ ಕಡೆ ಹೋದಾಗಲೆಲ್ಲ ಅವರ ಜಗುಲಿಯ ಮೇಲೆ ಒಂದು ಗಳಿಗೆ ಕೂರುವುದು ರೂಢಿಯಾಯಿತು. ಹೆಪ್ಪಿನ ಮಾತು ನಾನು ಎತ್ತಲಿಲ್ಲ. ಒಂದು ದಿನ ಅಲ್ಲಿ ಕೂತಿದ್ದಾಗಲೇ ನನಗೆ ಮೈಯೆಲ್ಲ ಧಗ್ಗೆಂದು ಉರಿ ಹತ್ತಿತು. ಆಗಷ್ಟೇ ಶುರುವಾಗಿದ್ದ ಕಾಲ. ಮುಖ ಕೆಂಪಾಗಿ, ಕುತ್ತಿಗೆಯಲ್ಲಿ ಬೆವರಿಳಿದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತೆ. ಅಜ್ಜಿ ಒಳಗಿಂದ ಬೀಸಣಿಗೆ ತಂದು ತಾವೇ ಬೀಸಿದರು.

"ನಿಂತೋಯ್ತಾ ನಿಂಗೆ?" ಎಂದು ಮೆಲ್ಲಗೆ ಕೇಳಿದರು.

"ನಿಲ್ತಾ ಐತೆ ಅಜ್ಜಿ."

"ನಂಗೂ ಹಿಂಗೇ ಆಗಿತ್ತು. ಬಾವಿ ಕಟ್ಟೆ ಮ್ಯಾಲೆ ಕೂತ್ಕಂಡು ತಲೆ ಮ್ಯಾಲೆ ನೀರು ಸುರ್ಕಣ್ತಿದ್ದೆ. ಯಾರ್ಗ್ ಹೇಳದು? ದೆವ್ವ ಮೆಟ್ಕಂಡೈತೆ ಅಂದ್ರು. ಬೇವಿನ್ ಸೊಪ್ಪಲ್ಲಿ ಹೊಡ್ದ್ರು."

ಅಷ್ಟು ಹೊತ್ತಿಗೆ ನನಗೂ ಸ್ವಲ್ಪ ತಣ್ಣಗಾಗಿತ್ತು. ನಾನು ಊರೂರು ತಿರುಗಿ ಹೆಪ್ಪು ಕೇಳುವುದು ಇದಕ್ಕೇ, ಈ ಉರಿ ಬರುವ ಹೆಂಗಸರಿಗೆ ಒಂದು ಮೊಸರು ಮಾಡುವುದಕ್ಕೆ ಎಂದು ಹೇಳಿದೆ. ಗಂಟು, ಸಕ್ಕರೆ, ಕತ್ತರಿಸುವುದು ಎಲ್ಲವನ್ನೂ ನನಗೆ ತಿಳಿದಂತೆ ಬಿಡಿಸಿ ಹೇಳಿದೆ. ಅಜ್ಜಿ ಬೀಸುತ್ತಲೇ ಕೇಳಿಸಿಕೊಂಡರು. ನಾನು ಎದ್ದು ಹೊರಟಾಗ "ಇರು" ಎಂದು ಒಳಗೆ ಹೋದರು. ಸೆರಗಿನಡಿ ಒಂದು ಪುಟ್ಟ ಕುಡಿಕೆ ಹಿಡಿದುಕೊಂಡು ಬಂದು, ಆ ಕಡೆ ಈ ಕಡೆ ನೋಡಿ ನನ್ನ ಕೈಗಿತ್ತರು. "ಯಾರ್ಗೂ ಹೇಳ್ಬ್ಯಾಡ. ಕೆಟ್ಟೋಗ್ದಂಗ್ ನೋಡ್ಕೋ" ಎಂದರು. ಅಷ್ಟೇ.

ತಂದ ಮೊಸರುಗಳಲ್ಲೆಲ್ಲ ಗಂಟು ಬಿಚ್ಚುವುದರಲ್ಲಿ ಗೆದ್ದದ್ದು ಆ ಕುಡಿಕೆಯದೇ. ಮನೆ ಮೊಸರೆಂದರೆ ಒಂದೇ ಜೀವಿಯಲ್ಲ, ಬಗೆಬಗೆಯವು ಒಟ್ಟಿಗೆ ಬಾಳುವ ಒಂದು ವಠಾರ. ಒಂದು ಹುಳಿ ಕೊಡುತ್ತದೆ, ಒಂದು ಘಮ ಕೊಡುತ್ತದೆ, ಇನ್ನೊಂದು ಗಟ್ಟಿ ಮಾಡುತ್ತದೆ. ಅದರೊಳಗಿಂದ ನಮಗೆ ಬೇಕಾದ ಒಂದೇ ಒಂದು ಬಗೆಯನ್ನು ಆರಿಸಿ ಬೇರೆ ಮಾಡಿಕೊಂಡು, ಉಳಿದದ್ದನ್ನೆಲ್ಲ ಲ್ಯಾಬಿನ ನಿಯಮದಂತೆ ಕುದಿಸಿ ಚೆಲ್ಲಿದೆವು. ಆರಿಸಿಕೊಂಡದ್ದು ಮೊದಲು ಸೋಯಾ ಹಾಲಿನಲ್ಲಿ ಮುನಿಸಿಕೊಂಡಂತೆ ಕೂತಿತ್ತು. ಗಟ್ಟಿಯಾಗುವುದಕ್ಕೆ ಇಡೀ ದಿನ ಹಿಡಿಯುತ್ತಿತ್ತು. ದಿನಾ ಹಳೆಯದರಿಂದ ಹೊಸದಕ್ಕೆ, ಹೊಸದರಿಂದ ಇನ್ನೂ ಹೊಸದಕ್ಕೆ ಹಾಕುತ್ತಾ ಹಾಕುತ್ತಾ ಅದಕ್ಕೆ ಸೋಯಾ ಒಗ್ಗಿತು. ಆಮೇಲೆ ಹಿಂದೆ ತಿರುಗಿ ನೋಡಲಿಲ್ಲ. ಬಾಟಲಿಯ ಮೇಲೆ ನಗುವ ಹೆಂಗಸಿನ ಚಿತ್ರ ಬಂತು, ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಇಟ್ಟರು, ನಾವು ಶೆಡ್ಡು ಬಿಟ್ಟು ಈಗಿನ ಜಾಗಕ್ಕೆ ಬಂದೆವು. ಆ ಸಾಗಾಟದಲ್ಲಿ ಕರೆಂಟಿಲ್ಲದೆ ಡೀಪ್ ಫ್ರೀಜರ್ ನಿಂತುಹೋಗಿ, ಅದರಲ್ಲಿಟ್ಟಿದ್ದ ಹಳೆಯ ಮಾದರಿಗಳೆಲ್ಲ ಹಾಳಾದವು. ದಿನಾ ಬಳಸುತ್ತಿದ್ದದ್ದು ಕೈಯಲ್ಲೇ ಇತ್ತಲ್ಲ, ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಅಜ್ಜಿಗೆ ಮೊದಲ ಬಾಟಲಿ ನಾನೇ ಒಯ್ದು ಕೊಟ್ಟೆ. ಒಂದು ಗುಟುಕು ಕುಡಿದು, "ಚೆನ್ನಾಗೈತೆ ಬಿಡು" ಎಂದು ಉಳಿದದ್ದನ್ನು ನಾನು ನೋಡುತ್ತಿಲ್ಲವೆಂದುಕೊಂಡು ಕರುವಿನ ಬಾನಿಗೆ ಸುರಿದರು. ನಾನೂ ಹಲವು ತಿಂಗಳು ಬಿಡದೆ ಕುಡಿದಿದ್ದೇನೆ. ಉರಿ ಕಡಿಮೆಯಾಯಿತು ಎಂದೂ ಹೇಳಲಾರೆ, ಆಗಲಿಲ್ಲ ಎಂದೂ ಹೇಳಲಾರೆ. ಅದರ ಪಾಡಿಗೆ ಅದು ಬಂತು, ಅದರ ಪಾಡಿಗೆ ಹೋಯಿತು. ಸುಸ್ತು ಮಾತ್ರ ಉಳಿದುಕೊಂಡಿತು.

ಹೀಗೆ ಕೆಲವು ವರ್ಷ ಕಳೆದವು. ಘಟಕದಲ್ಲಿ ಕೆಲಸ ಹೆಚ್ಚಾಗಿ ತೂಬಗೆರೆ ಕಡೆ ಹೋಗುವುದು ನಿಂತೇಹೋಗಿತ್ತು. ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ಅಜ್ಜಿಯ ಸೊಸೆ ಫೋನ್ ಮಾಡಿದಳು.

"ಮೇಡಂ, ಮಾವ ಹೋಗ್ಬಿಟ್ರು. ತಿಂಗ್ಳಾಯ್ತು. ಅತ್ತೆ ನಿಮ್ಮುನ್ನ ಕೇಳ್ತಾವ್ರೆ, ಒಂದ್ಸಲ ಬಂದೋಗ್ತೀರಾ?"

ಭಾನುವಾರ ಹೋದೆ. ಅಜ್ಜಿ ಅದೇ ಜಗುಲಿಯ ಮೇಲೆ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಗಂಡನ ಸಾವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು, ವಯಸ್ಸಾಗಿತ್ತು, ಮಲಗಿದವರು ಏಳಲಿಲ್ಲ ಎಂದು. ಆಮೇಲೆ ವಿಷಯಕ್ಕೆ ಬಂದರು. ಸಾವಿನ ಮನೆಯಲ್ಲಿ ಮಾಡಿಟ್ಟ ಅಡುಗೆ, ತುಂಬಿಟ್ಟ ನೀರು, ಹಾಲು, ಮೊಸರು ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಬಂದ ನೆಂಟರಲ್ಲಿ ಯಾರೋ ಒಬ್ಬರು ಎಲ್ಲವನ್ನೂ ತೆಗೆದುಕೊಂಡು ಹೋಗಿ ತಿಪ್ಪೆಗೆ ಸುರಿದಿದ್ದರು. ಹೆಪ್ಪಿನ ಕುಡಿಕೆಯೂ ಅದರಲ್ಲೇ ಹೋಗಿತ್ತು. ಬೇರೆಯವರ ಮನೆಗಳಲ್ಲಾದರೆ ಇದೊಂದು ದೊಡ್ಡ ಮಾತಲ್ಲ. ಸೂತಕ ಕಳೆದ ಮೇಲೆ ಪಕ್ಕದ ಮನೆಗೆ ಹೋಗಿ, ಹಿಂದೆ ತಾವೇ ಕೊಟ್ಟಿದ್ದ ಹೆಪ್ಪನ್ನು ಮರಳಿ ತರುತ್ತಾರೆ. ಈ ಅಜ್ಜಿ ಯಾರಿಗೂ ಕೊಟ್ಟವರೇ ಅಲ್ಲ. ಒಬ್ಬಳಿಗೆ ಬಿಟ್ಟು.

"ನಿನ್ತಾವ ಐತಲ್ಲ" ಎಂದರು. "ಅದುನ್ನ ತಂದ್ಕೊಡವ್ವ."

ಸೊಸೆ ಬಾಗಿಲ ಬಳಿ ನಿಂತು ಕೈಸನ್ನೆ ಮಾಡುತ್ತಿದ್ದಳು. ಒಳಗೆ ಕರೆದು ಹೇಳಿದಳು, "ಪ್ಯಾಕೆಟ್ ಮೊಸ್ರಲ್ಲಿ ಹೆಪ್ಪಾಕುದ್ರೆ ಮುಟ್ಟಲ್ಲ ಮೇಡಂ. ಆವತ್ತಿಂದ ಮೊಸರನ್ನ ಉಂಡೇ ಇಲ್ಲ. ಸಾರಲ್ಲಿ ನಾಲಕ್ ತುತ್ತು ತಿಂದು ಎದ್ದೋಯ್ತಾರೆ. ಹೆಪ್ಪು ಹೊಸ್ಲು ದಾಟುಸ್ದೆ, ಅದ್ಕೇ ಮನೆ ಯಜಮಾನ್ರು ಹೊಸ್ಲು ದಾಟುದ್ರು ಅಂತ ಒಬ್ಬೊಬ್ರೇ ಕೂತ್ಕಂಡು ಅಳ್ತಾರೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಒಂದು ಚಮಚ ಮೊಸರು ಕೊಟ್ಟದ್ದಕ್ಕೆ ಒಬ್ಬ ವಯಸ್ಸಾದ ಮನುಷ್ಯ ಸಾಯುತ್ತಾನೆಯೇ? ಇದನ್ನು ವಾದ ಮಾಡಿ ಗೆಲ್ಲುವುದಕ್ಕಾಗುವುದಿಲ್ಲ ಎಂದೂ ಗೊತ್ತಿತ್ತು. ಹೆಪ್ಪು ಮರಳಿ ಒಳಗೆ ಬಂದರೆ ಅವರಿಗೆ ಸಮಾಧಾನವಾಗುತ್ತದೆ, ಒಂದು ತುತ್ತು ಮೊಸರನ್ನ ಒಳಗಿಳಿಯುತ್ತದೆ. ಅಷ್ಟು ನನ್ನ ಕೈಯಲ್ಲಿತ್ತು. ಕೈಯಲ್ಲಿದೆ ಎಂದುಕೊಂಡಿದ್ದೆ. "ತಂದ್ಕೊಡ್ತೀನಿ ಅಜ್ಜಿ, ಅದೇನ್ ದೊಡ್ಡದು" ಎಂದು ಹೇಳಿ ಬಂದೆ.

ಮರುದಿನ ಸರ್ ಬಳಿ ಹೋಗಿ ಒಂದು ಪುಟ್ಟ ಶೀಷೆಯಷ್ಟು ಹೆಪ್ಪು ಹೊರಗೆ ಒಯ್ಯಬೇಕು ಎಂದು ಕೇಳಿದೆ. ಯಾಕೆಂದು ಕೇಳಿದರು, ಹೇಳಿದೆ.

"ಮೇಡಂ, ಆ ಹೆಪ್ಪು ನಮ್ ಲ್ಯಾಬ್ ಕಲ್ಚರ್. ಹೊರಗ್ ಕೊಡಕ್ಕಾಗಲ್ಲ."

"ಅವ್ರ್ ಮನೇದೇ ಅಲ್ವಾ ಸರ್?"

"ಆವಾಗ. ಈಗಲ್ಲ" ಎಂದು ಫೋನು ಕಿವಿಗೆ ಹಿಡಿದುಕೊಂಡರು.

ಅಲ್ಲಿಂದ ಬಂದು ದಿನವೆಲ್ಲ ಉರಿದುಕೊಂಡು ಕೆಲಸ ಮಾಡಿದೆ. ಎರಡು ಗಾಜಿನ ಕೊಳವೆ ಒಡೆದೆ. ಸಂಜೆ ಎಂದಿನಂತೆ ಪ್ಯಾಕೆಟ್ ಮೊಸರಿಗೆ ಅಂಗಡಿಗೆ ಹೋದರೆ, ಇತ್ತೀಚೆಗೆ ನಮ್ಮೂರಲ್ಲೂ ಮಾರತೊಡಗಿದ್ದ ನಮ್ಮದೇ ಬಾಟಲಿಗಳು ಅಲ್ಲಿನ ಫ್ರಿಜ್ಜಿನಲ್ಲಿ ಸಾಲಾಗಿ ಕೂತಿದ್ದವು. ನಗುವ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಆಗ ಹೊಳೆಯಿತು. ಬಾಟಲಿಯ ಒಳಗಿರುವುದು ಜೀವಂತ ಹೆಪ್ಪೇ ಅಲ್ಲವೇ! ಯಾರು ಬೇಕಾದರೂ ಕೊಂಡು, ಒಂದು ಚಮಚ ತೆಗೆದು ಹಾಲಿಗೆ ಹಾಕಬಹುದು. ಯಾರ ಅಪ್ಪಣೆಯೂ ಬೇಡ. ಅಜ್ಜಿಯ ಹೆಪ್ಪು ಬೆಂಗಳೂರಿನ ಎಷ್ಟು ಮನೆಗಳ ಹೊಸ್ತಿಲು ದಾಟಿತ್ತೋ, ಅವರ ಹೊಸ್ತಿಲಿಗೆ ಮಾತ್ರ ಅಪ್ಪಣೆ ಬೇಕಾಗಿತ್ತು. "ಇದೇನ್ ಮೇಡಂ, ನಿಮ್ದುನ್ನ ನೀವೇ ಕೊಂಡ್ಕಣದಾ?" ಎಂದು ಅಂಗಡಿಯವನು ಹಲ್ಲು ಕಿರಿದ. ಆವತ್ತು ನಾನೂ ನಕ್ಕೆ.

ಬುಧವಾರ ಅರ್ಧ ದಿನ ರಜೆ ಹಾಕಿ ಹೋದೆ. ದೀಪ ಹಚ್ಚುವ ಮುಂಚೆಯೇ ಬರಬೇಕು ಎಂದು ಅಜ್ಜಿ ಹೇಳಿ ಕಳಿಸಿದ್ದರು. ಹೋಗುವಷ್ಟರಲ್ಲಿ ತಲೆಗೆ ಸ್ನಾನ ಮಾಡಿ, ಮಣ್ಣಿನ ಹೊಸ ಕುಡಿಕೆಯೊಂದನ್ನು ತೊಳೆದು ಬಿಸಿಲಲ್ಲಿ ಒಣಗಿಸಿ, ಹಾಲು ಕಾಯಿಸಿ ಆರಲು ಇಟ್ಟು ಕಾಯುತ್ತಿದ್ದರು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಹೊಸ್ತಿಲ ಹತ್ತಿರ ನಿಂತರು. ಬಾಟಲಿಯನ್ನು ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಹೋದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಈ ಕೆಲಸದಲ್ಲಿ ಸವೆದದ್ದಕ್ಕೆ ಇವತ್ತೊಂದು ದಿನ ಅರ್ಥ ಬಂತು ಎಂದುಕೊಂಡೆ. ಹಾಗೆಲ್ಲ ಅಂದುಕೊಳ್ಳಬಾರದು.

ಬೆಳಿಗ್ಗೆ ಸೊಸೆಯ ಫೋನು. "ಮೇಡಂ, ಹಾಲು ಹಾಲಾಗೇ ಐತೆ."

ಹಾಲು ತಣ್ಣಗಾಗಿಬಿಟ್ಟಿತ್ತೇನೋ, ಇನ್ನೂ ಸ್ವಲ್ಪ ಬೆಚ್ಚಗಿರುವಾಗ ಹಾಕಿ, ಹೆಪ್ಪು ಸ್ವಲ್ಪ ಜಾಸ್ತಿ ಹಾಕಿ ಎಂದೆ. ಅದರ ಮರುದಿನವೂ ಅದೇ ಮಾತು. ನನಗೆ ಅನುಮಾನ ಬಂತು. ಲ್ಯಾಬಿನಲ್ಲಿ ಮಧ್ಯಾಹ್ನದ ಊಟ ಬಿಟ್ಟು, ಒಂದು ಪಾತ್ರೆಯಲ್ಲಿ ಸೋಯಾ ಹಾಲು, ಇನ್ನೊಂದರಲ್ಲಿ ಹಸುವಿನ ಹಾಲು ಇಟ್ಟು, ಎರಡಕ್ಕೂ ಅದೇ ಹೆಪ್ಪು ಹಾಕಿದೆ. ಸಂಜೆ ಹೊರಡುವ ಹೊತ್ತಿಗೆ ಸೋಯಾ ಗಟ್ಟಿಯಾಗಿ ನಿಂತಿತ್ತು. ಹಸುವಿನ ಹಾಲು ಬಗ್ಗಿಸಿದರೆ ನೀರಿನಂತೆ ಹರಿಯಿತು.

ಆಗ, ಎಂದೋ ಓದಿ ಮರೆತಿದ್ದ ಪಾಠ ನೆನಪಾಯಿತು. ಇಂಥ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಹಾಲಿನ ಸಕ್ಕರೆಯನ್ನು ತಿನ್ನುವ ಶಕ್ತಿ ಮೈಯೊಳಗೇ ಬೇರೂರಿರುವುದಿಲ್ಲ, ಡಿಎನ್ಎಯ ಬಿಡಿಯಾದ ಒಂದು ತುಣುಕಿನಲ್ಲಿರುತ್ತದೆ. ಹಾಲಿನಲ್ಲಿರುವಷ್ಟು ದಿನ ಅದನ್ನು ಜೋಪಾನವಾಗಿ ಮರಿಗಳಿಗೆ ಕೊಡುತ್ತಾ ಹೋಗುತ್ತವೆ. ಹಾಲೇ ಸಿಗದ ಕಡೆ ತಲೆಮಾರು ತಲೆಮಾರು ಬೆಳೆದರೆ, ಕೆಲಸಕ್ಕೆ ಬಾರದ ಹೊರೆ ಯಾಕೆಂದು ಅದನ್ನು ಕಳೆದುಕೊಂಡುಬಿಡುತ್ತವೆ. ಹೋದದ್ದು ತಾನಾಗಿ ಮತ್ತೆ ಬರುವುದಿಲ್ಲ. ಅಷ್ಟು ವರ್ಷ ದಿನಾ ಸೋಯಾ ಉಣ್ಣಿಸಿದ ಕೈ ನನ್ನದೇ. ಹೆಪ್ಪು ಕೆಟ್ಟಿರಲಿಲ್ಲ, ಚೆನ್ನಾಗಿಯೇ ಇತ್ತು. ಹಾಲನ್ನು ಮರೆತುಬಿಟ್ಟಿತ್ತು, ಅಷ್ಟೇ.

ಸರ್‌ಗೆ ಹೇಳಿದೆ. ಅವರಿಗೆ ಖುಷಿಯಾಯಿತು. "ಒಳ್ಳೇದೇ ಆಯ್ತಲ್ಲ ಮೇಡಂ! ಪೂರ್ತಿ ಸೋಯಾಗೇ ಅಡ್ಜಸ್ಟ್ ಆಗಿದೆ" ಎಂದರು. ಅವರ ಕಡೆಯಿಂದ ನೋಡಿದರೆ ನಿಜವೇ. ನಾನು ಹೋಗಿ ಮರುದಿನದ ಕಾಳು ನೆನೆಹಾಕಿದ್ದಾರೋ ಇಲ್ಲವೋ ನೋಡಿದೆ.

ಅಜ್ಜಿಗೆ ಹೇಳುವುದಕ್ಕೆ ಹೋದ ದಿನ ಬಸ್ಸಿನಲ್ಲಿ ಎಷ್ಟು ಬಗೆಯಲ್ಲಿ ಮಾತು ಜೋಡಿಸಿಕೊಂಡೆನೋ. ಬೇರೆ ಯಾವುದೋ ಮನೆಯ ಒಳ್ಳೆ ಮೊಸರು ತಂದು ಇದೇ ನಿಮ್ಮದು ಎಂದು ಕೊಟ್ಟರಾಯಿತು ಎಂದೂ ಯೋಚನೆ ಬಂದಿತ್ತು. ಆ ಮಜ್ಜಿಗೆ ಕುಡಿದಿದ್ದ ನಾಲಿಗೆ ಅದಕ್ಕೆ ಒಪ್ಪಲಿಲ್ಲ. ಅವರಿಗೆ ಒಂದೇ ತೊಟ್ಟಿನಲ್ಲಿ ಗೊತ್ತಾಗುತ್ತಿತ್ತು. ಜಗುಲಿಯ ಮೇಲೆ ಕೂತು ಇದ್ದದ್ದನ್ನು ಇದ್ದಂತೆಯೇ ಹೇಳಿದೆ.

"ಹಾಲ್ನೇ ಮರ್ತೋಯ್ತಾ?" ಎಂದರು.

"ಹೂಂ ಅಜ್ಜಿ. ಬರೀ ಸೋಯಾದಲ್ಲೇ ಬೆಳೆದು ಬೆಳೆದು..."

ಅಜ್ಜಿ ಅಂಗಳ ನೋಡುತ್ತಾ ಕೂತರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಸೊಸೆ ಹಸುವಿಗೆ ಹುಲ್ಲು ಹಾಕಿ ಬಂದಳು, ನಾಯಿಯೊಂದು ಬಂದು ಮೂಸಿ ಹೋಯಿತು. ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದರು.

"ಆ ಉರಿ ಬರೋ ಹೆಂಗಸ್ರು ಅಂತಿದ್ದಲ್ಲ, ಅವ್ರ್ಗೆ ಅನ್ಕೂಲ ಆಯ್ತಾ?"

ಆಯಿತು ಎಂದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಸುಳ್ಳು ಹೇಳುವುದಕ್ಕೂ ಸ್ವಲ್ಪ ಕಸುವು ಬೇಕು. "ಕೆಲವ್ರು ಆಯ್ತು ಅಂತಾರೆ ಅಜ್ಜಿ. ನಂಗಂತೂ ಗೊತ್ತಾಗ್ಲಿಲ್ಲ" ಎಂದೆ. "ಯಾರ್ಗೋ ಒಬ್ಬಿಬ್ರಿಗಾದ್ರೂ ಆಗಿರ್ಲಿ" ಎಂದು ಎದ್ದು ಒಳಗೆ ಹೋದರು. ಆವತ್ತು ಮಜ್ಜಿಗೆ ಬರಲಿಲ್ಲ. ಮನೆಯಲ್ಲಿ ಇದ್ದರೆ ತಾನೇ.

ಅಲ್ಲಿಂದ ಬಂದ ಮೇಲೆ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಕೆಲಸ ಬಿಡುತ್ತೇನೆ ಎಂದು ಯಜಮಾನರಿಗೆ ಹೇಳಿದೆ. "ಬಿಡು, ಬಿಟ್ಟು ಏನ್ಮಾಡ್ತೀಯ?" ಎಂದರು. ಅದೂ ನಿಜ ಎಂದು ಮರುದಿನ ಡಬ್ಬಿ ಕಟ್ಟಿಕೊಂಡು ಹೊರಟೆ. ದಿನಾ ಬೆಳಿಗ್ಗೆ ಸೋಯಾ ಹಾಲಿಗೆ ಹೆಪ್ಪು ಬಿಡುವಾಗ ಅಜ್ಜಿ ಬಾಟಲಿಯನ್ನು ಕಣ್ಣಿಗೊತ್ತಿಕೊಂಡದ್ದು ನೆನಪಾಗುತ್ತಿತ್ತು. ಅವರಿಗೆ ಫೋನ್ ಮಾಡುವ ಧೈರ್ಯ ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೇಟಿನ ಸೆಕ್ಯುರಿಟಿಯವನು ಬಂದು, ಯಾರೋ ಒಬ್ಬ ಅಜ್ಜಿ ನಿಮ್ಮನ್ನು ಕೇಳಿಕೊಂಡು ಬಂದಿದ್ದಾರೆ ಎಂದ. ಕೈ ಒರೆಸಿಕೊಂಡು ಓಡಿದೆ. ಅವರೇ. ಸೊಸೆಯ ಜೊತೆ ಕಣ್ಣಿನ ಆಸ್ಪತ್ರೆಗೆಂದು ಊರಿಗೆ ಬಂದವರು, ಆಟೋ ಮಾಡಿಕೊಂಡು ಇಲ್ಲಿಯವರೆಗೂ ಬಂದಿದ್ದರು. ಗೇಟಿನ ಪಕ್ಕದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು, ಗೋಡೌನುಗಳಿಗೆ ಹೋಗುವ ಲಾರಿಗಳನ್ನು ನೋಡುತ್ತಿದ್ದರು. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

"ನಿನ್ ಬಾಟ್ಲು ನಮ್ಮನೇಲೇ ಉಳ್ಕಂಡಿತ್ತು" ಎಂದು ಚೀಲದಿಂದ ತೆಗೆದು ಕೊಟ್ಟರು. ಅದೇ ನಗುವ ಹೆಂಗಸಿನ ಬಾಟಲಿ. ತೊಳೆದು ತಂದಿದ್ದಾರೆ ಎಂದುಕೊಂಡೆ. ಕೈಗೆ ತೆಗೆದುಕೊಂಡರೆ ಭಾರವಾಗಿತ್ತು. ಒಳಗೆ ಗಟ್ಟಿ ಮೊಸರು. ಖಾಲಿ ಪಾತ್ರೆ ಹಿಂದಿರುಗಿಸುವವರಲ್ಲ ನಮ್ಮ ಕಡೆಯವರು.

"ಇದ್ಯಾವ್ದು ಅಜ್ಜಿ?"

"ಪಕ್ಕದ್ಮನೇದು. ಹೋಗಿ ಕೇಳ್ದೆ. ನಲ್ವತ್ ವರ್ಸದಿಂದ ಒಂದ್ಸಲಾನೂ ನಾ ಕೊಟ್ಟಿರ್ಲಿಲ್ಲ ಅವ್ಳಿಗೆ. ಒಂದ್ ಮಾತ್ ಆಡ್ಲಿಲ್ಲ ಕಣವ್ವ, ಕುಡ್ಕೆ ತುಂಬ ತಂದ್ಕೊಟ್ಲು." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಮ್ದರಂಗಿಲ್ಲ. ಆದ್ರೂ ಉಣ್ಬೌದು. ಉಣ್ತಾವ್ನಿ."

ಆಮೇಲೆ ನನ್ನನ್ನು ನೋಡದೆ, ರಸ್ತೆ ನೋಡುತ್ತಾ ಹೇಳಿದರು, "ನಾ ನಿಂಗ್ ಕೊಟ್ಟಿದ್ದು ತಪ್ಪು ಅಂತಿದ್ದೆ. ಇನ್ನೊಂದ್ ನಾಲಕ್ ಮನೇಗೂ ಕೊಟ್ಟಿದ್ರೆ ಇವತ್ತು ಇರದಲ್ವಾ? ನಮ್ಮತ್ತೆಗೆ ಅದು ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ."

ನನ್ನ ಬಾಯಿಗೆ ಬಂದದ್ದು ಇಷ್ಟೇ: "ಇವತ್ತು ಶುಕ್ರವಾರ ಅಲ್ವಾ ಅಜ್ಜಿ?"

"ಗೊತ್ತು" ಎಂದರು. "ಅದುನ್ನ ನಿನ್ ಫ್ಯಾಕ್ಟ್ರಿಗ್ ಕೊಡ್ಬ್ಯಾಡ. ಮನೇಲ್ ಇಟ್ಕೋ, ಹಾಲಲ್ಲೇ ಇಟ್ಕೋ. ನಮ್ಮನೇಲಿ ಇನ್ನೊಂದ್ಸಲ ಹಂಗಾದ್ರೆ ನಿನ್ತಾವ್ಲೇ ಕೇಳಕ್ ಬರದು ನಾನು."

ಸೊಸೆ ಆಟೋ ಹತ್ತಿಸಿದಳು. ಆಟೋ ಲಾರಿಗಳ ನಡುವೆ ತಿರುಗಿ ಮರೆಯಾಗುವವರೆಗೂ ನಿಂತಿದ್ದೆ. ಬಾಟಲಿಯನ್ನು ಲ್ಯಾಬಿನ ಒಳಗೆ ಒಯ್ಯಲಿಲ್ಲ. ಹೊರಗಿನ ಮೊಸರು ಒಳಗೆ ಬರಬಾರದು ಎಂಬ ನಿಯಮ ನಾನೇ ಗೋಡೆಗೆ ಅಂಟಿಸಿದ್ದು. ಸೆಕ್ಯುರಿಟಿಯವನ ಮೇಜಿನ ಕೆಳಗೆ ನೆರಳಿನಲ್ಲಿಟ್ಟು, ಸಂಜೆ ಹೋಗುವಾಗ ಎತ್ತಿಕೊಂಡೆ.

ಅಂಗಡಿಯವನು ರೂಢಿಯಂತೆ ಮೊಸರಿನ ಪ್ಯಾಕೆಟ್ ತೆಗೆದಿಟ್ಟ. ಬೇಡ, ಹಾಲು ಕೊಡು ಎಂದೆ. ಅವನು ನನ್ನ ಮುಖ ನೋಡಿ, ಪ್ಯಾಕೆಟ್ ಒಳಗಿಟ್ಟು ಹಾಲು ತೆಗೆದುಕೊಟ್ಟ. ಮನೆಗೆ ಬಂದಾಗ ಸೊಂಟ ಹಿಡಿದುಕೊಂಡಿತ್ತು, ಪಾದ ಊದಿತ್ತು. ಚಾಪೆಯ ಮೇಲೆ ಬಿದ್ದುಕೊಂಡರೆ ಸಾಕೆನ್ನಿಸುತ್ತಿತ್ತು. ಹಾಲು ಒಲೆಯ ಮೇಲಿಟ್ಟು, ಉಕ್ಕಿದ ಮೇಲೆ ಇಳಿಸಿ, ಅದು ಆರುವವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತೆ. ಯಜಮಾನರು ಬಂದು ನೋಡಿ, "ಇಷ್ಟು ಸುಸ್ತಲ್ಲಿ ಇದ್ಯಾಕೆ? ಪ್ಯಾಕೆಟ್ ತರ್ಬೋದಿತ್ತಲ್ಲ" ಎಂದರು.

ಈಗ ದಿನಾ ಇದೊಂದು ಕೆಲಸ ಹೆಚ್ಚಾಗಿದೆ. ಬೇಸರವಾಗುತ್ತದೆ, ನಿಜ. ಒಂದೊಂದು ಸಂಜೆ ನಾಳೆ ಹಾಕಿದರಾಯಿತು ಎನ್ನಿಸುತ್ತದೆ. ಆದರೂ ಎದ್ದು ಹಾಲು ಕಾಯಿಸುತ್ತೇನೆ. ಮೇಲಿನ ಮನೆಯವರಿಗೂ ಸ್ವಲ್ಪ ಕೊಟ್ಟಿದ್ದೇನೆ, ವಾರ ನೋಡಲಿಲ್ಲ. ಅಜ್ಜಿ ಯಾವತ್ತಾದರೂ ಕೇಳಿಕೊಂಡು ಬಂದರೆ ಇರಬೇಕಲ್ಲ.